ಉಚಿತ ಪಾಠಕ್ಕೆ ಸನದು ಬೇಡವೇ?

ಪ್ರತಿ ವರ್ಷ ಎಸ್ಸೆಸ್ಸೆಲ್ಸಿ ಫಲಿತಾಂಶ ಹೊರಬಿದ್ದಾಗ ನಮ್ಮ ಸಮುದಾಯದಲ್ಲಿ ಎರಡು ದಿನಗಳ ಶೋಕಾಚರಣೆ ನಡೆಯುತ್ತದೆ. ಸಭೆ ಸೇರುತ್ತದೆ, ಸಾಚಾರ್ ವರದಿಯ ಉಲ್ಲೇಖವಾಗುತ್ತದೆ, ಸರಕಾರವನ್ನು ದೂರಲಾಗುತ್ತದೆ. ಮೂರನೆಯ ದಿನ ಅಂಜುಮನ್‌ನ ಚರ್ಚೆ ಶಾದಿಮಹಲಿನ ಬಣ್ಣಕ್ಕೂ ಮಳಿಗೆಗಳ ಬಾಡಿಗೆಗೂ ಮರಳುತ್ತದೆ. ಆದರೆ ಶಾಲಾ ವಯಸ್ಸಿನ ಮುಸ್ಲಿಂ ಮಕ್ಕಳಲ್ಲಿ ಮದ್ರಸಗಳಲ್ಲಿ ಕಲಿಯುವವರು ಶೇ. 3ರಷ್ಟು ಮಾತ್ರ ಎಂದು 2006ರ ಅದೇ ವರದಿ ಹೇಳಿತ್ತು. ಅಂದರೆ ನಮ್ಮ ಬಹುಪಾಲು ಮಕ್ಕಳ ಭವಿಷ್ಯ ತೀರ್ಮಾನವಾಗುವುದು ಸಾಮಾನ್ಯ ಶಾಲೆಗಳ ಗಣಿತ, ವಿಜ್ಞಾನ, ಸಮಾಜ ವಿಜ್ಞಾನದ ತರಗತಿಗಳಲ್ಲಿ.

ಈ ತರಗತಿಗಳಿಗೆ ಬೇಕಾದ ಸಾಮಗ್ರಿ ದುಬಾರಿ ಎಂಬುದು ಇಂದು ಕೇವಲ ನೆವ. ಮುಕ್ತ ಶೈಕ್ಷಣಿಕ ಸಂಪನ್ಮೂಲ ಎಂಬ ಹೆಸರನ್ನು ಯುನೆಸ್ಕೋ ಸಭೆ 2002ರಲ್ಲೇ ಜಗತ್ತಿಗೆ ನೀಡಿತು. ನಮ್ಮ ರಾಜ್ಯದಲ್ಲಿ 2013ರಲ್ಲಿ ಡಿಎಸ್‌ಇಆರ್‌ಟಿ ಮತ್ತು ಐಟಿ ಫಾರ್ ಚೇಂಜ್ ಸಂಸ್ಥೆ ಸೇರಿ 'ಕರ್ನಾಟಕ ಮುಕ್ತ ಶೈಕ್ಷಣಿಕ ಸಂಪನ್ಮೂಲ' ಯೋಜನೆಯನ್ನು ಆರಂಭಿಸಿದವು. ಅದರ ಪಾಠಗಳನ್ನು ಬರೆದವರಲ್ಲಿ ಸರಕಾರಿ ಪ್ರೌಢಶಾಲೆಗಳ ಶಿಕ್ಷಕರೇ ಇದ್ದಾರೆ. 2017ರಿಂದ ದೀಕ್ಷಾ ಇದೆ. ಪಠ್ಯಪುಸ್ತಕದ ಪುಟದಲ್ಲಿ ಅಚ್ಚಾದ ಕ್ಯೂಆರ್ ಸಂಕೇತಕ್ಕೆ ಮೊಬೈಲ್ ಹಿಡಿದರೆ ಪಾಠ ತೆರೆಯುತ್ತದೆ. ಮೈಸೂರು ವಿಶ್ವವಿದ್ಯಾನಿಲಯ ತನ್ನ ಕನ್ನಡ ವಿಶ್ವಕೋಶವನ್ನು 2014ರಲ್ಲಿ ಮುಕ್ತ ಪರವಾನಗಿಗೆ ಒಪ್ಪಿಸಿತು. ಅಮೆರಿಕದ ಕೊಲರಾಡೊ ವಿಶ್ವವಿದ್ಯಾನಿಲಯದ ಫೆಟ್ ವಿಜ್ಞಾನ ಪ್ರಯೋಗಗಳಲ್ಲಿ ಹಲವು ಕನ್ನಡದಲ್ಲಿವೆ. ಒಮ್ಮೆ ಇಳಿಸಿಕೊಂಡರೆ ಇಂಟರ್‌ನೆಟ್ ಇಲ್ಲದೆಯೂ ನಡೆಯುತ್ತವೆ. ಪ್ರಯೋಗಾಲಯವಿಲ್ಲದ ಶಾಲೆಗೆ ಇದಕ್ಕಿಂತ ಬೇರೆ ಉಡುಗೊರೆ ಬೇಕೇ? ಇಷ್ಟಿದ್ದರೂ ಕಂತಿನ ಸಾಲ ಮಾಡಿ ಕಲಿಕಾ ಆ್ಯಪ್ ಕೊಳ್ಳುವ ಮನೆಗಳು ನಮ್ಮಲ್ಲಿವೆ.

ಹಾಗೆಂದು ಉಚಿತವಾದುದೆಲ್ಲ ಸ್ವೀಕಾರಾರ್ಹವೇ? ಖಂಡಿತ ಅಲ್ಲ. ಮದ್ರಸದ ಚಾಪೆಯ ಮೇಲೆ ಕುಳಿತು ಹದೀಸ್ ಕಲಿತ ನಮಗೆ ಇಲ್ಲಿ ಕಾಣುವ ವಿಪರ್ಯಾಸ ನೋವು ತರುತ್ತದೆ. ಒಂದು ವಚನವನ್ನು ಸ್ವೀಕರಿಸುವ ಮುನ್ನ ನಮ್ಮ ಮುಹದ್ದಿಸರು ಅದನ್ನು ಹೇಳಿದವನಾರು, ಆತ ಯಾರಿಂದ ಕೇಳಿದ, ಆತನ ನೆನಪು ಮತ್ತು ನಡತೆ ಎಂಥದು ಎಂದು ಕೊಂಡಿಕೊಂಡಿಯಾಗಿ ವಿಚಾರಿಸುತ್ತಿದ್ದರು. ಸನದು ಕಡಿದುಹೋಗಿದ್ದರೆ ಮಾತು ಎಷ್ಟೇ ಸೊಗಸಾಗಿದ್ದರೂ ಅದನ್ನು ದುರ್ಬಲವೆಂದೇ ಎಣಿಸುತ್ತಿದ್ದರು. ಅವರ ವಾರಸುದಾರರಾದ ನಾವಾದರೋ ವಾಟ್ಸ್‌ಆ್ಯಪ್‌ನಲ್ಲಿ ಬಂದ, ಲೇಖಕರ ಹೆಸರೂ ಇಲ್ಲದ 'ನೋಟ್ಸ್' ಅನ್ನು ಹಿಂದುಮುಂದು ನೋಡದೆ ಮಕ್ಕಳ ಕೈಗಿಡುತ್ತೇವೆ!

ಪಾಠ ಯಾವ ವರ್ಷದ್ದು ಎಂಬುದೂ ಸನದಿನ ಭಾಗವೇ. 2022ರಲ್ಲಿ ರೋಹಿತ್ ಚಕ್ರತೀರ್ಥ ಸಮಿತಿಯ ಪರಿಷ್ಕರಣೆಯ ಬಳಿಕ ಹತ್ತನೆಯ ತರಗತಿಯ ಕನ್ನಡ ಪುಸ್ತಕಕ್ಕೆ ಹೆಡಗೇವಾರರ ಭಾಷಣ ಸೇರಿತು; ಸರಕಾರ ಬದಲಾದ ಮೇಲೆ 2023ರಲ್ಲಿ ಅದು ಹೊರಬಂತು. ಆದರೆ ಒಮ್ಮೆ ಇಳಿಸಿಕೊಂಡ ಪಿಡಿಎಫ್‌ಗೆ ಸರಕಾರ ಬದಲಾದುದು ತಿಳಿಯುವುದಿಲ್ಲ. ಪಠ್ಯ ತಿದ್ದಿದಾಗ ಬೀದಿಗಿಳಿದ ನಾವು, ಮನೆಯ ಮೊಬೈಲ್‌ನಲ್ಲಿ ಯಾವ ವರ್ಷದ ಪುಸ್ತಕವಿದೆಯೆಂದು ನೋಡಿದ್ದೇವೆಯೇ?

ಇನ್ನು ಇಜಾಝತ್‌ನ ಪ್ರಶ್ನೆ. ಉಚಿತ ಬೇರೆ, ಮುಕ್ತ ಬೇರೆ. ಎನ್‌ಸಿಇಆರ್‌ಟಿ ಪುಸ್ತಕಗಳನ್ನು ಯಾರೂ ಉಚಿತವಾಗಿ ಇಳಿಸಿಕೊಂಡು ಓದಬಹುದು. ಆದರೆ ಹಕ್ಕುಸ್ವಾಮ್ಯ ಅದರದೇ. ಅನುಮತಿಯಿಲ್ಲದೆ ಪ್ರಕಟಿಸುವವರಿಗೆ ಅದು 2024ರಲ್ಲಿ ಎಚ್ಚರಿಕೆಯನ್ನೂ ನೀಡಿತು. ಮುಕ್ತ ಪರವಾನಗಿಯ ಪಾಠವನ್ನಾದರೋ ಮೂಲದವರ ಹೆಸರು ಹೇಳಿ ಹಂಚಬಹುದು, ಸಾಮಾನ್ಯವಾಗಿ ತಿದ್ದಲೂಬಹುದು, ಅನುವಾದಿಸಲೂಬಹುದು. ಯಾವುದಕ್ಕೆ ಎಷ್ಟು ಅನುಮತಿ ಎಂಬುದು ಪಾಠದ ಕೆಳಗೇ ಬರೆದಿರುತ್ತದೆ.

ತಿದ್ದುವ ಹಕ್ಕಿನಿಂದೇನು ಎನ್ನುವವರು ಗದಗ ತಾಲೂಕಿನ ಸೊರಟೂರನ್ನು ನೋಡಲಿ. 12ನೇ ಶತಮಾನದ ಕೊನೆಯಲ್ಲಿ ಹೊಯ್ಸಳ ವೀರಬಲ್ಲಾಳನು ಸೇವುಣರ ಭಿಲ್ಲಮನ ಸೇನೆಯನ್ನು ಸೋಲಿಸಿದ್ದು ಈ ನೆಲದಲ್ಲಿ. ಬಲ್ಲಾಳನ ವಿಜಯವನ್ನು ಸಾರುವ 1192ರ ಶಾಸನ ಗದಗಿನಲ್ಲೇ ಇದೆ. ಹೊಯ್ಸಳರ ಪಾಠವನ್ನು ಬೇಲೂರು, ಹಳೇಬೀಡುಗಳಲ್ಲೇ ಮುಗಿಸುವ ಸಿದ್ಧ ವೀಡಿಯೋವನ್ನು ಸೊರಟೂರಿನ ಶಿಕ್ಷಕರು ತೋರಿಸಬಹುದಷ್ಟೆ. ಮುಕ್ತ ಪಾಠವಾದರೆ ಅದಕ್ಕೆ ತಮ್ಮೂರಿನ ಒಂದು ಪುಟ ಸೇರಿಸಬಹುದು. ಊರಿನ ಎಲ್ಲ ಮಕ್ಕಳೂ, ಹಿಂದೂ ಮುಸ್ಲಿಂ ಭೇದವಿಲ್ಲದೆ, ತಾವು ನಿಂತ ನೆಲಕ್ಕೂ ಇತಿಹಾಸವಿದೆ ಎಂದು ಅರಿಯಬಹುದು.

ಉರ್ದು ಮಾಧ್ಯಮದ ಮಕ್ಕಳಿಗೆ ಇಂಥ ಸಾಮಗ್ರಿ ಕನ್ನಡದಷ್ಟಿಲ್ಲ, ನಿಜ. ಆದರೆ ಇದಕ್ಕೂ ಸರಕಾರವನ್ನೇ ದೂರಬೇಕೇ? ಪ್ರಥಮ್ ಬುಕ್ಸ್‌ನ ಸ್ಟೋರಿವೀವರ್ 2015ರಿಂದ ಮಕ್ಕಳ ಕಥೆಗಳನ್ನು ಅನುವಾದಿಸಲು ಯಾರಿಗೂ ಮುಕ್ತ ಅನುಮತಿ ನೀಡಿದೆ. ಕನ್ನಡ ಉರ್ದು ಎರಡನ್ನೂ ಬಲ್ಲ ನಿವೃತ್ತ ಶಿಕ್ಷಕರು, ಪದವೀಧರ ತಾಯಂದಿರು ನಮ್ಮ ಊರುಗಳಲ್ಲಿ ಬೇಕಾದಷ್ಟಿದ್ದಾರೆ. ಪ್ರಯೋಜನಕಾರಿ ಜ್ಞಾನವನ್ನು ಸದಕಾ ಜಾರಿಯಾ ಎಂದು ಮಿಂಬರಿನಿಂದ ಸಾರುವ ನಾವು ಕೊಳವೆಬಾವಿಗೆ ಚಂದಾ ಎತ್ತುತ್ತೇವೆ. ಅದು ಒಳ್ಳೆಯದೇ. ಅನುವಾದಕ್ಕೆ ಕುಳಿತ ಒಬ್ಬ ತಾಯಿಗೆ ಒಂದು ಕಂಪ್ಯೂಟರ್ ಕೊಟ್ಟ ಅಂಜುಮನ್‌ಗಳು ಎಷ್ಟಿವೆ?

ಗದಗ, ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿಗಳ ಅಂಜುಮನ್‌ಗಳನ್ನು ನಾವು ಕೇಳುವುದು ಇಷ್ಟೆ. ಜೂನ್ ತಿಂಗಳೊಳಗೆ ಪ್ರತಿ ವಿಷಯಕ್ಕೆ ಇಬ್ಬರು ಶಿಕ್ಷಕರನ್ನು, ಅವರಲ್ಲಿ ಒಬ್ಬರಾದರೂ ಮಹಿಳೆಯಾಗಿರುವಂತೆ, ಕೂಡಿಸಲಿ. ಹತ್ತನೆಯ ತರಗತಿಯ ಪಾಠಗಳಿಗೆ ಸಾಮಗ್ರಿ ಹುಡುಕಿ, ಬರೆದವರು, ವರ್ಷ, ಪರವಾನಗಿ ನೋಡಿ, ಆರಿಸಿದ್ದನ್ನು ಪೆನ್‌ಡ್ರೈವ್‌ನಲ್ಲಿ ತುಂಬಿಸಲಿ. ಮಸೀದಿಯ ಪಕ್ಕದ ಕೋಣೆಯೊಂದು ಸಂಜೆ ಎರಡು ಗಂಟೆ ಮಕ್ಕಳಿಗಾಗಿ ತೆರೆದಿರಲಿ. ಹೆಣ್ಣುಮಕ್ಕಳಿಗೂ ಅಲ್ಲಿ ಸಮಯ ಮೀಸಲಿರಲಿ. ಶಾದಿಮಹಲಿನ ಬಣ್ಣ ಇನ್ನೊಂದು ವರ್ಷ ತಡೆದೀತು.