ತೆಂಕಣ ಗಾಳಿ

ಸಂಸ್ಕೃತದ ‘ಶುಶ್ರೂಷಾ’ ಎಂಬ ಶಬ್ದಕ್ಕೆ ಸೇವೆ, ಉಪಚಾರ ಎಂಬ ಅರ್ಥವುಂಟೆಂದು ಎಲ್ಲರೂ ಬಲ್ಲರು. ವ್ಯಾಕರಣದ ದಾರಿಯಲ್ಲಿ ನೋಡಿದರೆ ಅದು ‘ಶ್ರು’ ಧಾತುವಿನ ಮೇಲೆ ಇಚ್ಛಾರ್ಥಕವಾದ ಸನ್ ಪ್ರತ್ಯಯವು ಬಂದು ಆದ ರೂಪ. ಕೇಳಬೇಕೆಂಬ ಇಚ್ಛೆಯೇ ಅದರ ಮೂಲಾರ್ಥ. ಗುರುವಿನ ಮಾತನ್ನು ನಿಜವಾಗಿ ಕೇಳಬಯಸುವವನು ಅವನ ಸೇವೆಗೆ ನಿಲ್ಲದೆ ಇರಲಾರನೆಂದು ಪೂರ್ವಿಕರು ಬಗೆದಿರಬೇಕು. ನಮ್ಮ ಕನ್ನಡವು ಇನ್ನೂ ಒಂದು ಹೆಜ್ಜೆ ಮುಂದಿದೆ. ‘ಕೇಳು’ ಎಂಬ ಒಂದೇ ಕ್ರಿಯಾಪದವು ಬೇಡುವುದಕ್ಕೂ ಆಲಿಸುವುದಕ್ಕೂ ಹೇಳಿದಂತೆ ನಡೆಯುವುದಕ್ಕೂ ಸಲ್ಲುತ್ತದೆ. ಹಾಗಾದರೆ ‘ದೇವರನ್ನು ಕೇಳಿದ್ದೇನೆ’ ಎನ್ನುವ ಕ್ರೈಸ್ತ ಗೃಹಸ್ಥನು ಈ ಮೂರರಲ್ಲಿ ಯಾವುದನ್ನು ಮಾಡಿದನು? ಬಹುಮಟ್ಟಿಗೆ ಮೊದಲನೆಯದನ್ನು ಮಾತ್ರ ಎಂದು ನಮಗೆ ತೋರುತ್ತದೆ.

ಕುಟುಂಬಪ್ರಾರ್ಥನೆಯಲ್ಲಿ ದಾರಿ ತೋರಿಸೆಂದು ಬೇಡದ ಮನೆಯಿಲ್ಲ. ಆದರೆ ಉತ್ತರವು ಆಕಾಶದಿಂದಲೇ ಬರತಕ್ಕದ್ದೆಂದು ನಾವು ಮನಸ್ಸಿನೊಳಗೆ ಗೊತ್ತುಮಾಡಿಕೊಂಡಿರುತ್ತೇವೆ. ಅದು ಹೆಂಡತಿಯ ಬಾಯಿಂದಲೋ, ವೈದ್ಯರ ಬಾಯಿಂದಲೋ, ಲೆಕ್ಕ ಬರೆಯುವ ಹುಡುಗನ ಬಾಯಿಂದಲೋ ಬಂದರೆ ಅದಕ್ಕೆ ಬೆಲೆ ಕಡಿಮೆ. ಈ ವಿಷಯದಲ್ಲಿ ಅಪೊಸ್ತಲರ ಕೃತ್ಯಗಳ 27ನೆಯ ಅಧ್ಯಾಯದಷ್ಟು ವಿಶದವಾದ ಪಾಠವು ಮತ್ತೆಲ್ಲಿಯೂ ನಮಗೆ ದೊರೆತಿಲ್ಲ.

ಕ್ರಿ.ಶ. 60ರ ಸುಮಾರಿಗೆ ನಡೆದ ಸಂಗತಿಯಿದು. ಪೌಲನು ಕೈದಿಯಾಗಿ ರೋಮ್ ನಗರಕ್ಕೆ ಹೋಗುತ್ತಿದ್ದನು. ಹಡಗು ಅಲೆಕ್ಸಾಂದ್ರಿಯದ್ದು, ತುಂಬಿದ್ದು ಗೋಧಿ. ಕ್ರೇತ ದ್ವೀಪದ ದಕ್ಷಿಣ ತೀರದ ಒಂದು ರೇವಿಗೆ ಬಂದು ಮುಟ್ಟುವ ಹೊತ್ತಿಗೆ ಯೆಹೂದ್ಯರ ಉಪವಾಸದ ದಿನವು ಕಳೆದುಹೋಗಿತ್ತು. ಎಂದರೆ ಸೆಪ್ಟೆಂಬರ್ ಕಳೆದು ಅಕ್ಟೋಬರ್ ಸಮೀಪಿಸಿತ್ತೆಂದೋ ಬಂದೇ ಬಿಟ್ಟಿತ್ತೆಂದೋ ತಿಳಿಯಬೇಕು. ಆ ಕಡಲಿನಲ್ಲಿ ಸೆಪ್ಟೆಂಬರ್ ಮಧ್ಯದಿಂದ ಪ್ರಯಾಣವು ಅಪಾಯಕರವೆಂದೂ, ನವೆಂಬರ್ 11ರಿಂದ ಮಾರ್ಚ್ 10ರ ವರೆಗೆ ಸಮುದ್ರವು ಮುಚ್ಚಿದಂತೆಯೇ ಎಂದೂ ರೋಮನ್ ಗ್ರಂಥಕಾರನಾದ ವೆಗೇತಿಯನು ಬರೆದಿದ್ದಾನೆ. ಮಳೆಗಾಲದಲ್ಲಿ ದೋಣಿಗಳನ್ನು ದಡಕ್ಕೆಳೆದು ಕಟ್ಟುವ ನಮ್ಮ ಕರಾವಳಿಯವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಮುಂದೆ ಹೋದರೆ ಸರಕಿಗೂ ಹಡಗಿಗೂ ಪ್ರಾಣಗಳಿಗೂ ಹಾನಿಯಾಗುವುದೆಂದು ಪೌಲನು ಎಚ್ಚರಿಸಿದನು. ಇಲ್ಲಿ ವಾಚಕರು ಒಂದು ಸೂಕ್ಷ್ಮವನ್ನು ಗಮನಿಸಬೇಕು. ಈ ಎಚ್ಚರಿಕೆಯನ್ನು ಕೊಡುವಾಗ ದೇವದೂತನ ಹೆಸರನ್ನು ಅವನು ಎತ್ತಲಿಲ್ಲ; ತನಗೆ ಹೀಗೆ ಕಾಣುತ್ತದೆ ಎಂದಷ್ಟೇ ಹೇಳಿದನು. ಅದಕ್ಕೆ ಮೊದಲೇ ಮೂರು ಸಾರಿ ಹಡಗು ಒಡೆದ ಅನುಭವವು ಅವನಿಗಿತ್ತೆಂದು ಕೊರಿಂಥದವರಿಗೆ ಬರೆದ ಎರಡನೆಯ ಪತ್ರದಿಂದ ತಿಳಿದುಬರುತ್ತದೆ. ಕಾಲವನ್ನು ಬಲ್ಲ, ಕಡಲಿನ ಪೆಟ್ಟು ತಿಂದ, ದೇವಭಯವುಳ್ಳ ಒಬ್ಬ ಮನುಷ್ಯನ ವಿವೇಚನೆ. ದೂತನು ಕಾಣಿಸಿಕೊಂಡದ್ದು ಆಮೇಲೆ, ಬಿರುಗಾಳಿಯ ನಡುವೆ.

ಶತಾಧಿಪತಿಯಾದ ಯೂಲ್ಯನು ಕೆಟ್ಟವನಲ್ಲ. ಪೌಲನನ್ನು ದಯೆಯಿಂದ ನಡೆಸಿಕೊಂಡವನು. ಆದರೆ ಹಡಗಿನ ಯಜಮಾನನೂ ಚುಕ್ಕಾಣಿಯವನೂ ಎದುರಿಗಿರುವಾಗ ಕೈದಿಯೊಬ್ಬನ ಮಾತನ್ನು ನಂಬುವುದು ಹೇಗೆ? ಬಲ್ಲವರ ಮಾತಿಗೆ ಬೆಲೆ ಕೊಟ್ಟನೆಂದು ಅವನನ್ನು ಹಳಿಯಲು ನಮಗೆ ಮನಸ್ಸಾಗದು. ಆದರೆ ಬಲ್ಲವರಿಗೂ ಲಾಭವೆಂಬುದುಂಟು. ಚಳಿಗಾಲದಲ್ಲಿಯೂ ಧಾನ್ಯವನ್ನು ತರುವ ವರ್ತಕರಿಗೆ ಬಿರುಗಾಳಿಯಿಂದಾದ ನಷ್ಟವನ್ನು ತಾನೇ ಭರಿಸುವುದಾಗಿ, ಕ್ರಿ.ಶ. 41ರಿಂದ 54ರ ವರೆಗೆ ಆಳಿದ ಕ್ಲೌದಿಯ ಚಕ್ರವರ್ತಿಯು ಮಾತು ಕೊಟ್ಟಿದ್ದನಂತೆ. ಇಂಥ ಲೋಕದಲ್ಲಿ ಯಜಮಾನನ ಬುದ್ಧಿಯು ಮುಂದಕ್ಕೇ ವಾಲುವುದು ಸಹಜ. ಮೇಲಾಗಿ ಆ ರೇವು ಚಳಿಗಾಲ ಕಳೆಯಲು ಅನುಕೂಲವಾಗಿರಲಿಲ್ಲ. ಹೆಚ್ಚು ಮಂದಿ ಹೊರಡೋಣವೆಂದರು. ಅಷ್ಟರಲ್ಲಿ ತೆಂಕಣ ಗಾಳಿಯು ಹಿತವಾಗಿ ಬೀಸತೊಡಗಿತು. ತಮ್ಮ ಎಣಿಕೆ ಸಿದ್ಧಿಸಿತೆಂದು ಲಂಗರು ಎತ್ತಿದರು.

ಎಚ್ಚರಿಕೆಯನ್ನು ಮೀರಿದ ಕೂಡಲೆ ಅನಾಹುತವು ಆಗಿಬಿಟ್ಟರೆ ಮೂಢನೂ ಕಲಿತಾನು. ಮೀರಿದ ಮೇಲೆ ಮೊದಲು ಬರುವುದು ಈ ತೆಂಕಣ ಗಾಳಿ. ನಮಗೆ ಪರಿಚಿತರಾದ ಒಬ್ಬ ಗೃಹಸ್ಥರು ನೆಂಟನ ಸಾಲಕ್ಕೆ ಜಾಮೀನು ನಿಲ್ಲಬೇಕಾಗಿ ಬಂದಿತು. “ಬೇಡಿರಿ, ಕೇಳಿದ ಲೆಕ್ಕಕ್ಕೆ ಆತನು ಒಮ್ಮೆಯೂ ನೆಟ್ಟಗೆ ಉತ್ತರ ಕೊಡಲಿಲ್ಲ” ಎಂದು ಅವರ ಪತ್ನಿ ಹೇಳಿದಳು. ಪರರ ಸಾಲಕ್ಕೆ ಹೊಣೆಯಾಗುವ ವಿಷಯದಲ್ಲಿ ಜ್ಞಾನೋಕ್ತಿಗಳ ಗ್ರಂಥವು ಎಷ್ಟು ಸಾರಿ ಎಚ್ಚರಿಸುತ್ತದೆಂಬುದೂ ಅವರಿಗೆ ತಿಳಿಯದ್ದಲ್ಲ. ದೇವರಿಂದ ಒಂದು ಗುರುತು ಸಿಕ್ಕಲಿ ಎಂದು ಪ್ರಾರ್ಥಿಸಿದರು. ಮೂರನೆಯ ದಿನ ಆ ನೆಂಟನು ಹಳೆಯ ಕೈಗಡವೊಂದನ್ನು ತಾನಾಗಿಯೇ ತಂದು ತೀರಿಸಿದನು. ಇದೇ ಗುರುತೆಂದು ರುಜು ಹಾಕಿದರು. ಮುಂದೆ ಬ್ಯಾಂಕಿನವರು ಬಾಗಿಲಿಗೆ ಬಂದಾಗ, ಮಗಳ ಓದಿಗೆಂದು ಕೂಡಿಸಿಟ್ಟ ಹಣವು ಹೋಯಿತು.

ಹಲ್ಲಿ ಲೊಚಗುಟ್ಟಿದರೆ ಶಕುನವೆನ್ನುವ ನೆರೆಯವರನ್ನು ನೋಡಿ ನಗುವ ನಮ್ಮವರು, ಕಣ್ಣು ಮುಚ್ಚಿ ಸತ್ಯವೇದವನ್ನು ತೆರೆದು ಬೆರಳು ಬಿದ್ದ ವಚನವನ್ನೇ ಅಪ್ಪಣೆಯೆಂದು ಕೊಳ್ಳುವುದನ್ನು ಕಂಡಿದ್ದೇವೆ. ಇವೆರಡಕ್ಕೂ ಭೇದವೇನೆಂದು ನಮಗೆ ಇಂದಿಗೂ ಅರ್ಥವಾಗಿಲ್ಲ. ಹಾಗೆಂದು ಮನಸ್ಸಿಗೆ ಬಂದ ಭಯವೆಲ್ಲವೂ ದೇವರ ಎಚ್ಚರಿಕೆಯಲ್ಲ. ಭಯಕ್ಕೆ ಕಾರಣ ಹೇಳಲು ಬರುವುದಿಲ್ಲ. ಪೌಲನ ಮಾತಿಗೂ ಆ ಪತ್ನಿಯ ಮಾತಿಗೂ ಕಾರಣವು ಕಣ್ಣೆದುರಿಗೆ ಇತ್ತು, ಹೇಳಿದವರಿಗೆ ಅದರಿಂದ ಸ್ವಂತ ಲಾಭವೂ ಇರಲಿಲ್ಲ.

ಕಥೆಯ ಉಳಿದ ಭಾಗವನ್ನು ನೋಡೋಣ. ದ್ವೀಪದ ಕಡೆಯಿಂದ ಈಶಾನ್ಯದ ಚಂಡಮಾರುತವು ಬಂದು ಹೊಡೆಯಿತು. ಬಹು ದಿನ ಸೂರ್ಯನೂ ನಕ್ಷತ್ರಗಳೂ ಕಾಣಲಿಲ್ಲ. ಆಗ ಪೌಲನು ಎದ್ದು ನಿಂತು, ನನ್ನ ಮಾತು ಕೇಳಬೇಕಾಗಿತ್ತು ಎಂದನು. ಅಂಥ ಹೊತ್ತಿನಲ್ಲಿ ಈ ಮಾತು ಯಾಕೆಂದು ಕೆಲವರಿಗೆ ತೋರಬಹುದು. ನಮಗೂ ತರುಣರಾಗಿದ್ದಾಗ ಹಾಗೆಯೇ ತೋರಿತ್ತು. ಆದರೆ ಅದೇ ಉಸಿರಿನಲ್ಲಿ ಅವನು ಧೈರ್ಯವನ್ನೂ ಹೇಳಿದನು: ಹಡಗು ಹೋಗುವುದು, ಪ್ರಾಣ ಒಂದೂ ಹೋಗದು, ದೂತನು ತಿಳಿಸಿದ್ದಾನೆ ಎಂದು. ಹಳೆಯ ಮಾತನ್ನು ನೆನಪಿಸಿದ್ದು ಹೊಸ ಮಾತನ್ನಾದರೂ ಕೇಳಲಿ ಎಂದೇ ಇರಬೇಕು.

ಹಾಗೆಯೇ ಆಯಿತು. ಹದಿನಾಲ್ಕನೆಯ ರಾತ್ರಿ ನೀರಿನ ಆಳವು ಇಪ್ಪತ್ತು ಮಾರಿನಿಂದ ಹದಿನೈದಕ್ಕೆ ಇಳಿಯಿತು. ನಾವಿಕರು ಲಂಗರು ಹಾಕುವ ನೆವದಿಂದ ಚಿಕ್ಕ ದೋಣಿಯನ್ನು ಇಳಿಸಿ ತಾವು ಮಾತ್ರ ತಪ್ಪಿಸಿಕೊಳ್ಳಲು ನೋಡಿದರು. ಇವರು ಹೋದರೆ ನೀವು ಉಳಿಯಲಾರಿರಿ ಎಂದು ಪೌಲನು ಯೂಲ್ಯನಿಗೂ ಸಿಪಾಯಿಗಳಿಗೂ ಹೇಳಿದನು. ಈ ಸಾರಿ ಯಾರೂ ಚುಕ್ಕಾಣಿಯವನ ಅಭಿಪ್ರಾಯವನ್ನು ವಿಚಾರಿಸಲಿಲ್ಲ. ಸಿಪಾಯಿಗಳು ಹಗ್ಗವನ್ನು ಕಡಿದು ದೋಣಿಯನ್ನು ಕಡಲಿಗೆ ಬಿಟ್ಟುಬಿಟ್ಟರು. ಬೆಳಗಾಗುವಾಗ ಪೌಲನು ರೊಟ್ಟಿ ಮುರಿದು ಎಲ್ಲರಿಗೂ ಊಟ ಮಾಡಿರೆಂದನು. ಹಡಗಿನಲ್ಲಿದ್ದವರು 276 ಮಂದಿ. ಉಳಿದ ಗೋಧಿಯನ್ನು ಸಮುದ್ರಕ್ಕೆ ಚೆಲ್ಲಿದರು.

ಮೆಲೀತೆಯ, ಎಂದರೆ ಈಗಿನ ಮಾಲ್ಟಾದ, ದಡದ ಬಳಿ ಹಡಗು ನೆಲಕ್ಕೆ ತಗಲಿ ಒಡೆಯುತ್ತಿರುವಾಗ, ಕೈದಿಗಳು ಈಜಿ ಓಡಿಹೋದಾರೆಂದು ಅವರನ್ನು ಕೊಂದುಬಿಡಲು ಸಿಪಾಯಿಗಳು ಆಲೋಚಿಸಿದರು. ಕ್ರೇತದಲ್ಲಿ ಪೌಲನ ಮಾತನ್ನು ಕಡೆಗಣಿಸಿದ್ದ ಆ ಯೂಲ್ಯನೇ ಅವನನ್ನು ಉಳಿಸಬೇಕೆಂದು ಅಡ್ಡಬಂದನು. ಈಜಬಲ್ಲವರು ಮೊದಲು ಧುಮುಕಿದರು. ಉಳಿದವರು ಹಲಗೆಗಳನ್ನೂ ಒಡೆದ ತುಂಡುಗಳನ್ನೂ ಹಿಡಿದುಕೊಂಡು ಒಬ್ಬೊಬ್ಬರಾಗಿ ದಡ ಸೇರಿದರು.