ಗಾಜು ಒರೆಸುವ ಹುಡುಗ ಫಾಸ್ಟ್ಯಾಗ್ ಹಣ ಕದಿಯಬಲ್ಲನೇ? ಆರ್‌ಎಫ್‌ಐಡಿ ಭಯದಲ್ಲಿ ನಿಜವೆಷ್ಟು, ಸುಳ್ಳೆಷ್ಟು?

ಸಿಗ್ನಲ್‌ನಲ್ಲಿ ಕಾರು ನಿಂತಿದೆ. ಹುಡುಗನೊಬ್ಬ ಬಂದು ಮುಂದಿನ ಗಾಜು ಒರೆಸುತ್ತಾನೆ. ಒರೆಸುತ್ತಲೇ ಕೈಗೆ ಕಟ್ಟಿದ ವಾಚನ್ನು ಫಾಸ್ಟ್ಯಾಗ್ ಸ್ಟಿಕ್ಕರ್ ಹತ್ತಿರ ಹಿಡಿಯುತ್ತಾನೆ. ಕಾರಿನಲ್ಲಿದ್ದವರು ಪ್ರಶ್ನಿಸಿದ ಕೂಡಲೇ ಓಟ ಕೀಳುತ್ತಾನೆ. ‘ನೋಡಿ, ಹೀಗೆ ನಿಮ್ಮ ಹಣ ಹೋಗುತ್ತದೆ, ಎಲ್ಲರಿಗೂ ಶೇರ್ ಮಾಡಿ’ ಎಂಬ ಸಾಲು ಬೇರೆ.

2022ರ ಜೂನ್‌ನಲ್ಲಿ ಹರಿದಾಡಿದ ಈ ವಿಡಿಯೋವನ್ನು ನೀವೂ ನೋಡಿರಬಹುದು. ಇದು ಸುಳ್ಳು ಎಂದು ಫಾಸ್ಟ್ಯಾಗ್ ಪಾವತಿ ನೋಡಿಕೊಳ್ಳುವ ಎನ್‌ಪಿಸಿಐ ಮತ್ತು ಕೇಂದ್ರ ಸರ್ಕಾರದ ಪಿಐಬಿ ಫ್ಯಾಕ್ಟ್ ಚೆಕ್ ವಿಭಾಗ ಆಗಲೇ ಸ್ಪಷ್ಟಪಡಿಸಿದ್ದವು. ಆದರೆ ‘ಸುಳ್ಳು’ ಎಂದಷ್ಟೇ ಹೇಳಿದರೆ ಭಯ ಹೋಗುವುದಿಲ್ಲ. ಏಕೆ ಸುಳ್ಳು ಎಂದು ತಿಳಿದುಕೊಳ್ಳೋಣ. ನಿಜವಾದ ಅಪಾಯ ಎಲ್ಲಿದೆ ಎಂಬುದನ್ನೂ ನೋಡೋಣ.

ಟ್ಯಾಗ್ ಒಳಗೆ ಏನಿದೆ?

ಆರ್‌ಎಫ್‌ಐಡಿ ಎಂದರೆ ರೇಡಿಯೋ ಅಲೆಗಳ ಮೂಲಕ ಗುರುತು ಹಿಡಿಯುವ ವಿಧಾನ. ಫಾಸ್ಟ್ಯಾಗ್ ಸ್ಟಿಕ್ಕರ್‌ನಲ್ಲಿ ಒಂದು ಸಣ್ಣ ಚಿಪ್ ಮತ್ತು ತೆಳುವಾದ ಆಂಟೆನಾ ಇರುತ್ತವೆ. ಬ್ಯಾಟರಿ ಇರುವುದಿಲ್ಲ. ಟೋಲ್ ಗೇಟಿನ ಯಂತ್ರ ಕಳಿಸುವ ಅಲೆಯಿಂದಲೇ ಶಕ್ತಿ ಪಡೆದು, ಚಿಪ್ ತನ್ನ ಸಂಖ್ಯೆಯನ್ನು ಹೇಳುತ್ತದೆ.

ಆ ಚಿಪ್‌ನಲ್ಲಿ ಹಣವೂ ಇಲ್ಲ, ಪಿನ್ನೂ ಇಲ್ಲ. ಅದನ್ನು ಮನೆ ಬಾಗಿಲ ಮೇಲಿನ ನಂಬರ್ ಎಂದುಕೊಳ್ಳಿ. ನಂಬರ್ ಓದಿದವರೆಲ್ಲ ಮನೆಯೊಳಗೆ ಬರಲು ಆಗುವುದಿಲ್ಲವಲ್ಲ?

ಹಣ ಕಡಿತವಾಗಬೇಕಾದರೆ ಟೋಲ್ ಪ್ಲಾಜಾದಿಂದ ಅದರ ಬ್ಯಾಂಕಿಗೆ, ಅಲ್ಲಿಂದ ಎನ್‌ಪಿಸಿಐ ವ್ಯವಸ್ಥೆಗೆ, ಅಲ್ಲಿಂದ ನಿಮಗೆ ಟ್ಯಾಗ್ ಕೊಟ್ಟ ಬ್ಯಾಂಕಿಗೆ ಕೋರಿಕೆ ಹೋಗಬೇಕು. ಮೊದಲೇ ನೋಂದಣಿಯಾದ ಪ್ಲಾಜಾ ಅಥವಾ ಪಾರ್ಕಿಂಗ್‌ನಂಥ ವ್ಯಾಪಾರಿಗಳಿಂದ ಬಂದ ಕೋರಿಕೆಗೆ ಮಾತ್ರ ಅಲ್ಲಿ ಮಾನ್ಯತೆ. ಒಬ್ಬ ವ್ಯಕ್ತಿಯಿಂದ ಇನ್ನೊಬ್ಬ ವ್ಯಕ್ತಿಗೆ ಹಣ ಕಳಿಸುವ ದಾರಿಯೇ ಈ ವ್ಯವಸ್ಥೆಯಲ್ಲಿ ಇಲ್ಲ. ಹುಡುಗನ ವಾಚ್ ಟ್ಯಾಗ್‌ನ ಸಂಖ್ಯೆಯನ್ನು ಓದಿತು ಎಂದೇ ಇಟ್ಟುಕೊಂಡರೂ ಹಣ ಹೋಗಿ ಸೇರಲು ಜಾಗವಿಲ್ಲ.

ಬಸ್ಸಿನಲ್ಲಿ ಜೇಬಿಗೆ ಯಂತ್ರ ತಾಗಿಸಿದರೆ?

ವೈಫೈ ಚಿಹ್ನೆಯಂತಹ ಗೆರೆಗಳಿರುವ ಬ್ಯಾಂಕ್ ಕಾರ್ಡ್‌ಗಳ ಬಗ್ಗೆಯೂ ಇಂತಹದೇ ಸಂದೇಶಗಳು ಬರುತ್ತವೆ. ಇಲ್ಲಿ ಅಪಾಯ ಸೊನ್ನೆಯಲ್ಲ, ಆದರೆ ಹೇಳುವಷ್ಟು ದೊಡ್ಡದೂ ಅಲ್ಲ.

2021ರ ಜನವರಿ 1ರಿಂದ 5,000 ರೂಪಾಯಿವರೆಗೆ ಪಿನ್ ಇಲ್ಲದೆ ಟ್ಯಾಪ್ ಮಾಡಿ ಪಾವತಿಸಲು ಆರ್‌ಬಿಐ ಅವಕಾಶ ಕೊಟ್ಟಿದೆ. ಕಾರ್ಡ್ ಯಂತ್ರಕ್ಕೆ ಕೆಲವೇ ಸೆಂಟಿಮೀಟರ್ ಹತ್ತಿರ ಬರಬೇಕು. ಹಣ ಸೇರುವುದು ದಾಖಲೆ ಕೊಟ್ಟು ನೋಂದಾಯಿಸಿಕೊಂಡ ವ್ಯಾಪಾರಿಯ ಖಾತೆಗೆ, ಅಂದರೆ ಕಳ್ಳನ ವಿಳಾಸ ಬ್ಯಾಂಕಿನಲ್ಲೇ ಇರುತ್ತದೆ. ಪ್ರತಿ ಟ್ಯಾಪ್‌ಗೂ ಚಿಪ್ ಹೊಸದೊಂದು ಗುಪ್ತ ಸಂಕೇತ ಹುಟ್ಟಿಸುವುದರಿಂದ, ಒಮ್ಮೆ ಕದ್ದ ಸಂಕೇತ ಮತ್ತೆ ಕೆಲಸಕ್ಕೆ ಬಾರದು. ನಿಜವಾಗಿ ಎಚ್ಚರ ಬೇಕಿರುವುದು ಕಾರ್ಡ್ ಕಳೆದುಹೋದಾಗ. ಸಿಕ್ಕವರು ಪಿನ್ ಇಲ್ಲದೆ ಟ್ಯಾಪ್ ಮಾಡಬಹುದು. ಕೂಡಲೇ ಬ್ಲಾಕ್ ಮಾಡಿಸಿ.

ಹಾಗಾದರೆ ಆರ್‌ಎಫ್‌ಐಡಿ ಪೂರ್ತಿ ಸುರಕ್ಷಿತವೇ?

ಅಲ್ಲ. ಎಲ್ಲ ಚಿಪ್‌ಗಳೂ ಒಂದೇ ಅಲ್ಲ. ಒಂದು ಕಾಲಕ್ಕೆ ಲಂಡನ್ನಿನ ಆಯ್ಸ್ಟರ್ ಕಾರ್ಡ್ ಸೇರಿದಂತೆ ಅನೇಕ ಕಡೆ ಸಾರಿಗೆ ಕಾರ್ಡ್‌ಗಳಲ್ಲಿ ‘ಮೈಫೇರ್ ಕ್ಲಾಸಿಕ್’ ಎಂಬ ಚಿಪ್ ಬಳಕೆಯಲ್ಲಿತ್ತು. ಅದರ ಗುಪ್ತಲಿಪಿಯನ್ನು ಕಂಪನಿ ಬಹಿರಂಗಪಡಿಸಿರಲಿಲ್ಲ. 2008ರಲ್ಲಿ ನೆದರ್ಲೆಂಡ್ಸ್‌ನ ರಾಡ್‌ಬೌಡ್ ವಿಶ್ವವಿದ್ಯಾಲಯದ ಸಂಶೋಧಕರು ಅದನ್ನು ಭೇದಿಸಿ ತೋರಿಸಿದರು. ಪ್ರಬಂಧ ಪ್ರಕಟವಾಗದಂತೆ ತಡೆಯಲು ಚಿಪ್ ತಯಾರಿಸಿದ ಕಂಪನಿ ಕೋರ್ಟಿಗೆ ಹೋಯಿತು. ಕೋರ್ಟ್ ಒಪ್ಪಲಿಲ್ಲ. ಬೀಗ ಹೇಗಿದೆ ಎಂದು ಮುಚ್ಚಿಟ್ಟ ಮಾತ್ರಕ್ಕೆ ಬೀಗ ಗಟ್ಟಿಯಾಗುವುದಿಲ್ಲ ಎಂಬುದು ಇದರಿಂದ ಕಲಿತ ಪಾಠ.

ಕಚೇರಿ, ಅಪಾರ್ಟ್‌ಮೆಂಟ್ ಬಾಗಿಲುಗಳಿಗೆ ಬಳಸುವ ಹಳೆಯ ಕಾಲದ ಕಾರ್ಡ್‌ಗಳಲ್ಲಿ ಹಲವು ಕೇವಲ ತಮ್ಮ ಸಂಖ್ಯೆ ಹೇಳಿ ಸುಮ್ಮನಾಗುತ್ತವೆ. ಬಾಗಿಲು ಆ ಸಂಖ್ಯೆಯನ್ನೇ ನಂಬಿ ತೆರೆದುಕೊಳ್ಳುತ್ತದೆ. ಇಂತಹ ಕಾರ್ಡನ್ನು ಅಗ್ಗದ ಸಾಧನದಿಂದಲೇ ನಕಲು ಮಾಡಬಹುದು. ನಿಮ್ಮ ಅಪಾರ್ಟ್‌ಮೆಂಟ್ ಸಂಘದ ಮುಂದಿನ ಸಭೆಯಲ್ಲಿ ‘ನಮ್ಮ ಕಾರ್ಡ್‌ಗಳಲ್ಲಿ ಎನ್‌ಕ್ರಿಪ್ಷನ್ ಇದೆಯೇ?’ ಎಂದು ಕೇಳಿ.

ಅಂದರೆ ಟ್ಯಾಗ್ ಯಾರು ಬೇಕಾದರೂ ಓದುವಂತಿದೆಯೇ ಎಂಬುದಷ್ಟೇ ಮುಖ್ಯವಲ್ಲ. ಓದಿದ ಮೇಲೆ ಹಿಂದಿರುವ ವ್ಯವಸ್ಥೆ ಏನನ್ನು ಪರಿಶೀಲಿಸುತ್ತದೆ ಎಂಬುದೇ ಮುಖ್ಯ.

ಕಳ್ಳ ಬರುವುದು ಗಾಜಿನಿಂದಲ್ಲ, ಫೋನಿನಿಂದ

2024ರಲ್ಲಿ ‘ಎನ್‌ಗೇಟ್’ ಎಂಬ ಆಂಡ್ರಾಯ್ಡ್ ಕುತಂತ್ರಾಂಶವನ್ನು ಸೈಬರ್ ಭದ್ರತಾ ಸಂಸ್ಥೆ ಇಸೆಟ್ ಪತ್ತೆ ಮಾಡಿತು. ಚೆಕ್ ಗಣರಾಜ್ಯದ ಬ್ಯಾಂಕ್ ಗ್ರಾಹಕರು ಅದರ ಗುರಿಯಾಗಿದ್ದರು. ನಕಲಿ ಸಂದೇಶದ ಲಿಂಕ್ ಒತ್ತಿಸಿ ಆ್ಯಪ್ ಹಾಕಿಸಿ, ‘ನಿಮ್ಮ ಕಾರ್ಡನ್ನು ಫೋನಿನ ಹಿಂಬದಿಗೆ ಹಿಡಿಯಿರಿ, ಪಿನ್ ಹಾಕಿ’ ಎಂದು ಹೇಳಿಸಲಾಗುತ್ತಿತ್ತು. ಕಾರ್ಡ್‌ನ ಸಂಕೇತ ಕಳ್ಳನ ಫೋನಿಗೆ ಹೋಗಿ, ಅವನು ಎಟಿಎಂನಿಂದ ಹಣ ತೆಗೆಯಬಹುದಿತ್ತು. ಚಿಪ್ ಭೇದಿಸಲು ಕಷ್ಟ ಎಂದು ಅವರು ಕಾರ್ಡಿನ ಒಡೆಯರನ್ನೇ ನಂಬಿಸಿದರು.

ನಮ್ಮಲ್ಲೂ ಅದೇ ಕಥೆ. ‘ನಿಮ್ಮ ಫಾಸ್ಟ್ಯಾಗ್ ಕೆವೈಸಿ ಇಂದೇ ಮುಗಿಯುತ್ತದೆ’ ಎಂಬ ಲಿಂಕ್, ಗೂಗಲ್‌ನಲ್ಲಿ ಹುಡುಕಿದಾಗ ಸಿಗುವ ನಕಲಿ ಕಸ್ಟಮರ್ ಕೇರ್ ನಂಬರ್, ‘ಒಟಿಪಿ ಹೇಳಿ ಸರ್’ ಎಂಬ ಕರೆ. ಇವುಗಳ ಮುಂದೆ ಗಾಜು ಒರೆಸುವ ಬಟ್ಟೆ ಏನೂ ಅಲ್ಲ.

ಏನು ಮಾಡಬೇಕು?

• ಬ್ಯಾಂಕ್ ಆ್ಯಪ್‌ನಲ್ಲಿ ಟ್ಯಾಪ್ ಪಾವತಿ ಬೇಡವಾದರೆ ಆಫ್ ಮಾಡಿ, ಬೇಕಾದರೆ ಮಿತಿ ಇಳಿಸಿ. ವಿದೇಶಿ ಆನ್‌ಲೈನ್ ಪಾವತಿ ಬಳಸದಿದ್ದರೆ ಅದನ್ನೂ ಆಫ್ ಮಾಡಿ.

• ಎಸ್‌ಎಂಎಸ್ ಬರುವ ಮೊಬೈಲ್ ನಂಬರ್ ಸರಿಯಾಗಿದೆಯೇ ನೋಡಿಕೊಳ್ಳಿ. ಮನೆಯಲ್ಲೇ ನಿಂತ ಕಾರಿಗೆ ಟೋಲ್ ಕಡಿತವಾದರೆ, ಪ್ಲಾಜಾದಲ್ಲಿ ಯಾರೋ ವಾಹನ ಸಂಖ್ಯೆ ತಪ್ಪಾಗಿ ಒತ್ತಿರಬಹುದು. ಟ್ಯಾಗ್ ಕೊಟ್ಟ ಬ್ಯಾಂಕಿಗೆ ಅಥವಾ 1033ಕ್ಕೆ ದೂರು ಕೊಡಿ.

• ಗಾಡಿ ಮಾರಿದ ದಿನವೇ ಫಾಸ್ಟ್ಯಾಗ್ ಮುಚ್ಚಿಸಿ. ಇಲ್ಲದಿದ್ದರೆ ಕೊಂಡವರ ಟೋಲ್ ನೀವು ಕಟ್ಟುತ್ತಿರುತ್ತೀರಿ.

• ಲೋಹದ ಪದರವಿರುವ ಪರ್ಸ್ ಅಥವಾ ಅಲ್ಯೂಮಿನಿಯಂ ಫಾಯಿಲ್ ಕಾರ್ಡ್‌ನ ಸಿಗ್ನಲ್ ತಡೆಯುತ್ತದೆ. ಸಮಾಧಾನಕ್ಕೆ ಬೇಕಾದರೆ ಬಳಸಿ, ದುಬಾರಿ ಬೆಲೆ ಕೊಡಬೇಡಿ. ಆದರೆ ಬಟನ್ ಒತ್ತದೆಯೇ ತೆರೆದುಕೊಳ್ಳುವ ಕಾರುಗಳ ಕೀಲಿಯನ್ನು ರಾತ್ರಿ ಮುಚ್ಚಳವಿರುವ ಲೋಹದ ಡಬ್ಬಿಯಲ್ಲಿಡುವುದು ಒಳ್ಳೆಯದು. ಅದರ ಸಿಗ್ನಲ್ಲನ್ನು ದೂರಕ್ಕೆ ದಾಟಿಸಿ ಕಾರು ಕದ್ದ ಪ್ರಕರಣಗಳು ಹೊರದೇಶಗಳಲ್ಲಿ ನಡೆದಿವೆ.

• ಚಿಪ್ ‘ಸುಡಲು’ ಕಾರ್ಡನ್ನು ಮೈಕ್ರೋವೇವ್‌ನಲ್ಲಿ ಇಡಬೇಡಿ. ಬೆಂಕಿ ಹೊತ್ತಿಕೊಳ್ಳಬಹುದು.

• ಹಣ ಹೋದರೆ ತಡಮಾಡದೆ 1930ಕ್ಕೆ ಕರೆ ಮಾಡಿ, ಬ್ಯಾಂಕಿಗೂ ತಿಳಿಸಿ.

ಕೊನೆಯದಾಗಿ ಒಂದು ಮಾತು. ಆ ವಿಡಿಯೋ ಯಾರ ಫಾಸ್ಟ್ಯಾಗ್‌ನ ಹಣವನ್ನೂ ಉಳಿಸಲಿಲ್ಲ. ಬದಲಿಗೆ, ಬಿಸಿಲಲ್ಲಿ ನಿಂತು ಹತ್ತಿಪ್ಪತ್ತು ರೂಪಾಯಿಗೆ ಗಾಜು ಒರೆಸುವವರನ್ನು ಕಳ್ಳರಂತೆ ನೋಡಲು ಕಲಿಸಿತು. ಇನ್ನೊಮ್ಮೆ ಅದು ನಿಮ್ಮ ಗುಂಪಿಗೆ ಬಂದರೆ ಫಾರ್ವರ್ಡ್ ಮಾಡುವ ಬದಲು, ‘ಇದು ಸುಳ್ಳು, ಲಿಂಕ್ ಮತ್ತು ಒಟಿಪಿ ಬಗ್ಗೆ ಎಚ್ಚರವಿರಲಿ’ ಎಂದು ಎರಡು ಸಾಲು ಬರೆಯಿರಿ.