ಮುದ್ದಾಯಿ ಯಾರು?

2019ರ ನವೆಂಬರ್ 27ರ ರಾತ್ರಿ, ಮಗಳು ಕಾಣೆಯಾಗಿದ್ದಾಳೆಂದು ಹೋದ ತಮ್ಮನ್ನು ‘ನಮ್ಮ ಸರಹದ್ದಲ್ಲ’ ಎಂದು ಶಂಶಾಬಾದ್‌ನ ಪೊಲೀಸರು ಠಾಣೆಯಿಂದ ಠಾಣೆಗೆ ಅಟ್ಟಿದರು ಎಂದರು ಮನೆಯವರು. ಎರಡೂ ಆಗ ಸೈಬರಾಬಾದ್ ಕಮಿಷನರೇಟಿನ ಠಾಣೆಗಳೇ! ಮೂವರು ಅಮಾನತಾದರು.

2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 173ನೇ ಕಲಮಿನ ಮುಂದೆ ಈ ನೆವ ನಡೆಯದು. ಗಂಭೀರ ಅಪರಾಧ ಎಲ್ಲೇ ನಡೆದಿರಲಿ, ದೂರನ್ನು ಯಾವ ಠಾಣೆಗಾದರೂ ಕೊಡಬಹುದು. ಒಳ್ಳೆಯದೇ. ಆದರೆ ಹೈದರಾಬಾದಿನಲ್ಲಿ ತೆಲುಗಿನಲ್ಲಿ ಬರೆದ ಝೀರೋ ಎಫ್‌ಐಆರ್ ಬೀದರಿಗೆ ಹೋದರೆ ಓದುವವರು ಯಾರು? ಅದರ ಬಗ್ಗೆ ಈ ಕಲಮು ತುಟಿ ಬಿಚ್ಚುವುದಿಲ್ಲ.

‘ಲಿಪಿ ಒಂದೇ ಥರ ಇದೆಯಲ್ಲ, ಹೇಗೋ ಆಗುತ್ತೆ’ ಅನ್ನುವವರಿಗೆ ಒಂದೇ ಪದ ಸಾಕು. ತೆಲುಗಿನಲ್ಲಿ ‘ಮುದ್ದಾಯಿ’ ಎಂದರೆ ಆರೋಪಿ. ಬೀದರಿನ ಪೇಟೆಯಲ್ಲೂ ಕಿವಿಗೆ ಬೀಳುವ ಉರ್ದುವಿನಲ್ಲಿ ಅದೇ ಪದ ಫಿರ್ಯಾದಿ! ಇನ್ನು ತೆಲುಗಿನ ‘ನೇರಂ’ ಅಪರಾಧ. ನಮ್ಮ ‘ನೇರ’ಕ್ಕೆ ಸೊಟ್ಟವೇ ಇಲ್ಲ.

ಒಮ್ಮೆ ಒಂದು ಠಾಣೆಯಿಂದ ಫೋನು: ‘ಮೇಡಂ, ನಾಲ್ಕೇ ಪುಟ, ಸಂಜೆಯೊಳಗೆ ಮಾಡಿಕೊಡಿ.’ ದುಡ್ಡಿನ ಮಾತಿಲ್ಲ, ಅದು ಹಾಳಾಗಲಿ. ಯಾರೋ ಹೆಣ್ಣುಮಗಳ ಹೇಳಿಕೆ, ಹೆಸರು ವಿಳಾಸ ಸಮೇತ, ನನ್ನ ವಾಟ್ಸಾಪಿಗೆ ಬಂದು ಬಿತ್ತು. ಮಾಡಿಕೊಟ್ಟೆ, ಮಾಡಬಾರದಿತ್ತು. ನಾನು ತಪ್ಪು ಬರೆದಿದ್ದರೆ ಕೇಳುವವರು ಯಾರು?

ರಾಜ್ಯಗಳ ಪೊಲೀಸ್ ಸಹಕಾರವೆಂದರೆ ಜೀಪು, ವಾರಂಟು, ಚೆಕ್‌ಪೋಸ್ಟು ಮಾತ್ರವಲ್ಲ. ಗಡಿ ಜಿಲ್ಲೆಯ ಪ್ರತಿ ಎಸ್ಪಿ ಕಚೇರಿಯಲ್ಲೂ ಸಂಬಳ ಪಡೆದು, ಪ್ರತಿ ಪುಟಕ್ಕೂ ಸಹಿ ಹಾಕುವ ಒಬ್ಬ ಅನುವಾದಕರನ್ನು ಕೂರಿಸಿ. ಆಮೇಲೆ ಒಪ್ಪಂದದ ಫೋಟೋ ತೆಗೆಸಿಕೊಳ್ಳಿ.